ಎರಡು ಚೊಂಬು ಬೋರ್‌ವೆಲ್ ನೀರು

(ಮನೆಯವರ ಗುಂಪು, ಶನಿವಾರ ಸಂಜೆ. ಮೂರು ಮನೆಗೂ ಸೇರಿ ಇರೋದು ಒಂದೇ ಕಾರು. ಬೆಳಿಗ್ಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು.)

ದೊಡ್ಡಪ್ಪ: (ಫಾರ್ವರ್ಡ್) ಇಂಜಿನ್ ತಂಪಾಗಿಡೋ ಕೂಲೆಂಟ್ ಬರೀ ಬಣ್ಣದ ನೀರು! ಮೋಸ ಹೋಗಬೇಡಿ!! ರೇಡಿಯೇಟರ್‌ಗೆ ನೀರೇ ಸಾಕು!! ಹತ್ತು ಜನಕ್ಕೆ ಕಳಿಸಿ!!!

ಚಿಕ್ಕಮ್ಮ: (ಕೈ ಮುಗಿದ ಎಮೋಜಿ)

ನಾನು: ದೊಡ್ಡಪ್ಪ, ಇದು ತಪ್ಪು. ನಮ್ಮ ಕಾರಿಗೆ ಮಾತ್ರ ಹಾಕಬೇಡಿ.

ದೊಡ್ಡಪ್ಪ: ಹಾಕಿ ಆಯ್ತು. ಎರಡು ಚೊಂಬು. ಅಂಬಾಸಿಡರ್‌ಗೆ ಇಪ್ಪತ್ತು ವರ್ಷ ಬಾವಿ ನೀರೇ ಹಾಕಿದವನು ನಾನು. ಏನಾಯ್ತು ಅದಕ್ಕೆ?

ನಾನು: ಅದರದ್ದು ಎರಕದ ಕಬ್ಬಿಣದ ಇಂಜಿನ್. ಈಗಿನ ರೇಡಿಯೇಟರ್ ಅಲ್ಯೂಮಿನಿಯಂ, ಒಳಗಿನ ದಾರಿ ತುಂಬಾ ಸಣ್ಣ. ನಮ್ಮ ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟಿತ್ತಲ್ವಾ? ಅದೇ ಬೋರ್‌ವೆಲ್ ನೀರು ಇದು. ಕೂಲೆಂಟ್ ತುಕ್ಕು ತಡೆಯುತ್ತದೆ, ನೀರಿಗಿಂತ ತಡವಾಗಿ ಕುದಿಯುತ್ತದೆ.

ಅಣ್ಣ: ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಬೇಕು. ರೆಡಿ ಮಿಕ್ಸ್ ಆದರೆ ಹಾಗೇ ಸುರಿಯಬಹುದು.

ಚಿಕ್ಕಮ್ಮ: ಘಾಟಿಯಲ್ಲಿ ಬಿಸಿಯಾಗಿ ನಿಂತರೆ?

ನಾನು: ಆಪತ್ತಿಗೆ ನೀರು ಹಾಕಬಹುದು ಚಿಕ್ಕಮ್ಮ, ವಾಪಸ್ ಬಂದು ಬದಲಿಸಬೇಕು. ಆದರೆ ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ಮುಟ್ಟಬಾರದು. ಒಳಗೆ ಒತ್ತಡ ಇರುತ್ತದೆ, ಕುದಿಯುವ ನೀರು ಮುಖಕ್ಕೇ ಹಾರುತ್ತದೆ.

ದೊಡ್ಡಪ್ಪ: ಎಲ್ಲಾ ನಿನಗೇ ಗೊತ್ತು ಬಿಡಪ್ಪ. ಆಯಿಲ್ ಕೂಡ ನಾನೇ ನೋಡಿದೆ. ಆಯಿಲ್ ಅಳೆಯೋ ಕಡ್ಡಿ ತುಂಬಾ ಮೆತ್ತಿಕೊಂಡಿತ್ತು, ಬೇಕಾದಷ್ಟಿದೆ.

ಅಣ್ಣ: ಒರೆಸಿ ಮತ್ತೆ ಅದ್ದಿ ತೆಗೆದಿರಾ?

ದೊಡ್ಡಪ್ಪ: ಒರೆಸೋದು ಯಾಕೆ?

ಅಣ್ಣ: ಮೊದಲ ಸಲ ಬಂದದ್ದು ಲೆಕ್ಕಕ್ಕಿಲ್ಲ, ಇಂಜಿನ್ ಓಡುವಾಗ ಎರಚಿದ್ದು ಅದು. ಸಮತಟ್ಟಾದ ಕಡೆ ನಿಲ್ಲಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಡಿ. ಒರೆಸಿ, ಅದ್ದಿ, ತೆಗೆಯಿರಿ. ಎರಡು ಗುರುತಿನ ನಡುವೆ ಇದ್ದರೆ ಸರಿ. ಜಾಸ್ತಿಯಾದರೂ ಕಷ್ಟ, ನೊರೆ ಏಳುತ್ತದೆ.

ಚಿಕ್ಕಮ್ಮ: ಭಾವ, ನೀರು ಎಲ್ಲಿಗೆ ಹಾಕಿದಿರಿ? ಫೋಟೋ ಕಳಿಸಿ.

ದೊಡ್ಡಪ್ಪ: (ಫೋಟೋ)

ಅಣ್ಣ: ದೊಡ್ಡಪ್ಪಾ! ಮುಚ್ಚಳದ ಮೇಲೆ ಕಾರಂಜಿ ಚಿತ್ರ ಇದೆ ನೋಡಿ. ಇದು ಗಾಜು ತೊಳೆಯುವ ನೀರಿನ ಡಬ್ಬಿ.

ನಾನು: ಬಚಾವ್. ಆದರೆ ಪಕ್ಕದ ಬಿಳಿ ಡಬ್ಬಿಯಲ್ಲಿ ಹಸಿರು ಕೂಲೆಂಟ್ ಕೆಳಗಿನ ಗೆರೆಗಿಂತ ಒಂದು ಬೆರಳು ಕಮ್ಮಿ ಇದೆ. ಎಲ್ಲಾದರೂ ಸೋರುತ್ತಿದೆಯಾ ನೋಡಿಸಬೇಕು. ಅದು ಗೊತ್ತಾಗುವ ತನಕ ಘಾಟಿ ಬೇಡ.

ಚಿಕ್ಕಮ್ಮ: ಗಾಜಿನ ನೀರು ಖಾಲಿಯೇ ಆಗಲ್ಲ ಅಂತ ನಾನು ಅಂದುಕೊಳ್ಳುತ್ತಿದ್ದೆ!

ದೊಡ್ಡಪ್ಪ: (ಮೆಸೇಜ್ ಡಿಲೀಟ್ ಮಾಡಲಾಗಿದೆ)

ದೊಡ್ಡಪ್ಪ: ಗ್ಯಾರೇಜ್ ಹುಡುಗ ಎಷ್ಟು ಗಂಟೆವರೆಗೆ ಇರುತ್ತಾನೆ?