ಪ್ರಾರ್ಥನಾ ತಪ್ಪಸಂಗಿಲ್ಲ, ಆದ್ರ ಸಂತೋಷ ಬರವಲ್ದು. ನಂಬಿಕಿ ಸುಳ್ಳೇನು?

ಬೆಟಗೇರಿಯಾಕಿ:

ಎಲ್ಲಾರಿಗೂ ವಂದನೆ. ಹೆಸರು ಹಾಕಂಗಿಲ್ಲ, ತಪ್ಪು ತಿಳ್ಕೋಬ್ಯಾಡ್ರಿ. ನಮ್ಮ ಮನಿತನ ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತರು, ಈಗ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ). ಮದುವಿ ಆದ ಮ್ಯಾಲೆ ಬೆಂಗಳೂರಿಗೆ ಬಂದ್ವಿ. ನಮ್ಮನಿಯವರ ಕೆಲಸ ಹೋಗಿ ಎಂಟು ತಿಂಗಳಾತು. ನಾ ಒಂದು ಆಫೀಸಿನ್ಯಾಗ ಲೆಕ್ಕ ಬರೀತೀನಿ, ಮನಿ ಅದರ ಮ್ಯಾಲೆ ನಡದೈತಿ.

ರಾತ್ರಿ ಒಂಬತ್ತಕ್ಕ ಕುಟುಂಬ ಪ್ರಾರ್ಥನಾ ತಪ್ಪಸಂಗಿಲ್ಲ. ಮಗಳು ಹಾಡು ಆರಸ್ತಾಳ, ಅವರು ಕೀರ್ತನೆ ಓದ್ತಾರ, ನಾ ಪ್ರಾರ್ಥನಾ ಮಾಡ್ತೀನಿ. ಬಾಯಿ ತನ್ನಷ್ಟಕ್ಕ ತಾನ ಮಾತಾಡತೈತಿ. ತಲಿಯೊಳಗ ಐದನೇ ತಾರೀಖಿನ ಇಎಂಐ ಓಡ್ತಿರತೈತಿ. ಆಮೆನ್ ಅಂದು ಎದ್ದು ಕುಕ್ಕರ್ ತೊಳಿಯಾಕ ಹೋಗ್ತೀನಿ. ಅಷ್ಟ.

ಹೋದ ವಾರ ಪ್ರಾರ್ಥನಾ ಕೂಟದಾಗ ಒಬ್ಬ ಅಕ್ಕಾರು, "ನಿನ್ನ ಮುಖದಾಗ ಕರ್ತನ ಆನಂದ ಕಾಣವಲ್ದು, ನಂಬಿಕಿಯೊಳಗ ಎಲ್ಲೋ ತೂತು ಬಿದ್ದೈತಿ" ಅಂದ್ರು. ಅವತ್ತಿಂದ ನಿದ್ದಿ ಇಲ್ಲ. ಸಾಕ್ಷಿ ಹೇಳೋರೆಲ್ಲಾ ಕೆಲಸ ಸಿಕ್ಕ ಮ್ಯಾಲೆ, ಜಡ್ಡು ವಾಸಿ ಆದ ಮ್ಯಾಲೆ ಎದ್ದು ಹೇಳ್ತಾರ. ನಡು ಹಾದ್ಯಾಗ ಇದ್ದೋರು ಯಾರೂ ಎದ್ದು ನಿಂದ್ರಂಗಿಲ್ಲ. ನಾ ನಡು ಹಾದ್ಯಾಗ ಅದೀನಿ. ಬಲ್ಲೋರು ಹೇಳ್ರಿ.

ವಚನಪ್ರಿಯ:

ಸಹೋದರಿ, ಬೈಬಲಿನಲ್ಲಿ ಫಿಲಿಪ್ಪಿ 4:4 ಓದಿ. ಯಾವಾಗಲೂ ಸಂತೋಷಿಸಿರಿ ಅಂತ ಆಜ್ಞೆಯೇ ಇದೆ. ವಿಧೇಯರಾದರೆ ಭಾವನೆ ತಾನಾಗಿ ಬರುತ್ತೆ. ಒಂದು ದಿನ ಉಪವಾಸ ಇಟ್ಟು ಪ್ರಾರ್ಥಿಸಿ. ಕರ್ತನು ಆಶೀರ್ವದಿಸಲಿ.

ನಿವೃತ್ತ ಮೇಷ್ಟ್ರು, ಮೈಸೂರು:

ವಚನಪ್ರಿಯ ಅವರೇ, ಎಂಟು ತಿಂಗಳಿಂದ ಒಂದೇ ಸಂಬಳದಲ್ಲಿ ಮನೆ ನಡೆಸುತ್ತಿರುವವರಿಗೆ ಉಪವಾಸ ಹೇಳಿಕೊಡಬೇಕಾಗಿಲ್ಲ.

ಆ ವಚನವನ್ನೇ ನೋಡೋಣ. ಫಿಲಿಪ್ಪಿ ಊರಿನ ಸಭೆಗೆ ಆ ಪತ್ರ ಬರೆದಾಗ ಅಪೊಸ್ತಲ ಪೌಲ ಸೆರೆಯಲ್ಲಿದ್ದ. ಎರಡೇ ವಚನ ಹಿಂದಕ್ಕೆ ಹೋಗಿ, 4:2ರಲ್ಲಿ ಮನಸ್ತಾಪ ಮಾಡಿಕೊಂಡ ಇಬ್ಬರು ಹೆಂಗಸರಿಗೆ ಒಂದಾಗಿರಿ ಅಂತ ಬೇಡಿಕೊಳ್ತಿದ್ದಾನೆ. ಎಲ್ಲರ ಮುಖವೂ ಅರಳಿದ್ದ ಸಭೆ ಅದೇನಲ್ಲ. ಇನ್ನೊಂದು ವ್ಯಾಕರಣದ ಮಾತು, ಹಳೇ ಚಟ, ಕ್ಷಮಿಸಿ. 'ಸಂತೋಷಿಸಿರಿ' ಅನ್ನೋದನ್ನ ನಾವು ಗೌರವದ ಬಹುವಚನ ಅಂದುಕೊಂಡು ಒಬ್ಬೊಬ್ಬರೇ ತಲೆ ಮೇಲೆ ಹೊತ್ಕೋತೀವಿ. ಗ್ರೀಕಿನಲ್ಲೂ ಅದು ಬಹುವಚನವೇ, ಇಡೀ ಸಭೆಗೆ ಹೇಳಿದ್ದು. ನಿಮಗೆ ಹಾಡಲಿಕ್ಕೆ ಆಗದ ಭಾನುವಾರ ಪಕ್ಕದವರು ಹಾಡಲಿ, ನೀವು ಪುಸ್ತಕ ಹಿಡಿದು ನಿಂತರೆ ಸಾಕು.

ಪುರುಸೊತ್ತಾದಾಗ 88ನೇ ಕೀರ್ತನೆ ಓದಮ್ಮ. ಕತ್ತಲೆ ಅನ್ನೋ ಮಾತಲ್ಲೇ ಅದು ಮುಗಿಯುತ್ತೆ. ಅದನ್ನ ಯಾರೂ ಪುಸ್ತಕದಿಂದ ಕಿತ್ತು ಹಾಕಿಲ್ಲ.

ಸುಳ್ಯದ ತೋಟದವ:

ತಂಗೀ, ಮೇಷ್ಟ್ರ ಹಾಗೆ ಬಿಡಿಸಿ ಹೇಳ್ಲಿಕ್ಕೆ ನನಗೆ ಬರುವುದಿಲ್ಲ. ಎರಡು ಎಕ್ರೆ ಅಡಿಕೆ ತೋಟ ಉಂಟು, ಅದರದ್ದೇ ಹೇಳ್ತೇನೆ.

ಒಂದು ವರ್ಷ ಜೂನಿನಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಕೊಳೆರೋಗ ಬಾರದ ಹಾಗೆ ಅಡಿಕೆ ಗೊನೆಗೆ ಬಿಡುವ ಬೋರ್ಡೋ ಮದ್ದು, ಮೊದಲನೆಯದು ಬಿಟ್ಟಾಗಿತ್ತು. ನಲವತ್ತು ದಿನ ಕಳೆದು ಎರಡನೆಯದು ಬಿಡಬೇಕು. ಒಂದು ಹೊತ್ತಿನ ಬಿಸಿಲು ಸಹ ಇಲ್ಲ, ಮರ ಹತ್ತುವ ಜನವೂ ಇಲ್ಲ. ಕೊಳೆರೋಗ ಬಂತು. ಬೆಳಿಗ್ಗೆ ತೋಟಕ್ಕೆ ಇಳಿದರೆ ಬುಡ ಬುಡದಲ್ಲಿ ಹಸಿ ಅಡಿಕೆ, ಬಿಳಿ ಬೂಸ್ಟು ಹಿಡಿದದ್ದು. ಮೆಟ್ಟಿದರೆ ಜಾರುತ್ತದೆ, ನಾತ ಬೇರೆ. ಮುಕ್ಕಾಲು ಪಾಲು ಹೋಯಿತು.

ಆಗ ನಾನು ಬೈಬಲಿನಲ್ಲಿ ಹಬಕ್ಕೂಕ ಪ್ರವಾದಿಯ ಪುಸ್ತಕ ಓದಿದೆ. ಮೂರೇ ಅಧ್ಯಾಯ, ಮಳೆಗೆ ಕೂತು ಓದ್ಲಿಕ್ಕೆ ಸರಿ. ಕೊನೆಯಲ್ಲಿ ಅವ ಒಂದು ಪಟ್ಟಿ ಕೊಡ್ತಾನೆ: ಅಂಜೂರ ಚಿಗುರದೆ, ದ್ರಾಕ್ಷಿ ಬಿಡದೆ, ಎಣ್ಣೆಮರ ಫಲ ಕೊಡದೆ, ಹೊಲದಲ್ಲಿ ಬೆಳೆ ಇಲ್ಲದೆ, ಹಟ್ಟಿಯಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಇಲ್ಲದೆ ಹೋದರೂ ನಾನು ಕರ್ತನಲ್ಲಿ ಉಲ್ಲಾಸಪಡುವೆ ಅಂತ. ಅಡಿಕೆ ಅಂತ ಒಂದು ಸೇರಿಸಿದರೆ ನಮ್ಮ ಊರಿನದ್ದೇ. ಆದರೆ ಎಲ್ಲರೂ ಆ ಕೊನೆ ಮಾತನ್ನು ಮಾತ್ರ ಕ್ಯಾಲೆಂಡರಿನಲ್ಲಿ ಹಾಕ್ತಾರೆ. ಶುರುವಿನಲ್ಲಿ ಅದೇ ಮನುಷ್ಯ, ಎಷ್ಟು ಕಾಲ ಕೂಗಿಕೊಳ್ಳಲಿ, ನೀನು ಕೇಳುವುದೇ ಇಲ್ಲವಲ್ಲಾ ಅಂತ ದೇವರ ಹತ್ತಿರ ಜಗಳಕ್ಕೆ ನಿಂತಿದ್ದಾನೆ. ನನ್ನ ಪ್ರಾರ್ಥನೆಯೂ ಆಗ ಜಗಳವೇ. ಜಗಳ ಆಡಿ, ಮತ್ತೆ ಹೋಗಿ ಮದ್ದು ಕಲಸುವುದು. ಉಳಿದ ಕಾಲು ಪಾಲಿಗಾದರೂ ಬಿಡಬೇಕಲ್ಲ.

ಬೋರ್ಡೋ ಮದ್ದಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ಸರಿ ಉಂಟಾ ಅಂತ ಕತ್ತಿಯ ಅಲಗು ಅದ್ದಿ ನೋಡುವುದು, ಕೆಂಪು ಹಿಡಿದರೆ ಸುಣ್ಣ ಸಾಲದು. ನಿಮ್ಮ ಆ ಅಕ್ಕ ಮುಖ ನೋಡಿ ನಂಬಿಕೆಯ ಹದ ಹೇಳಿದರಂತಲ್ಲ, ಅಂಥ ಕತ್ತಿ ಯಾರೂ ಮಾಡಿಲ್ಲ ಮಾರಾಯ್ರೆ.

ಆ ವರ್ಷ ಸಭೆಯ ಬೆಳೆಹಬ್ಬಕ್ಕೆ ಕೊಂಡುಹೋಗ್ಲಿಕ್ಕೆ ಅಡಿಕೆ ಇಲ್ಲ. ಗೊಬ್ಬರದ ಗುಂಡಿ ಹತ್ತಿರ ತಾನಾಗಿ ಹುಟ್ಟಿದ ಬಳ್ಳಿಯ ಒಂದು ಚೀನಿಕಾಯಿ (ಸಿಹಿಗುಂಬಳ) ಇತ್ತು, ಹೆಂಡತಿ ಅದನ್ನೇ ಒರೆಸಿ ತಂದಳು. ನನಗೆ ನಾಚಿಕೆ. ಆರಾಧನೆ ಮುಗಿದು ಅಂಗಳದಲ್ಲಿ ಏಲಂ ಶುರು. ಐವತ್ತು ರೂಪಾಯಿಯಿಂದ ಏರಿಸಿ ಒಬ್ಬರು ಹಿಡಿದರು, ದುಡ್ಡು ಕೊಟ್ಟು ಕಾಯಿಯನ್ನು ಪುನಃ ಏಲಂಗೆ ಬಿಟ್ಟರು. ಎರಡನೆಯವರೂ ಹಾಗೇ. ಒಂದು ಚೀನಿಕಾಯಿ ನಾಲ್ಕು ಸಲ ಮಾರಾಟ ಆಯಿತು. ನಾಲ್ಕನೇ ಸಲ ಹಿಡಿದ ಹುಡುಗ ಸೀದಾ ಬಂದು ಅದನ್ನು ನನ್ನ ಕೈಯಲ್ಲೇ ಇಟ್ಟ. ಹೆಂಡತಿ ನಕ್ಕಳು. ಎಷ್ಟು ಸಮಯ ಆಗಿತ್ತು ಅವಳು ನಗದೆ! ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಅಡಿಕೆ ಕೊಳೆತದ್ದು ಕೊಳೆತದ್ದೇ, ತೋಟದಲ್ಲೇ ಇತ್ತು.

ನರ್ಸಮ್ಮ, ದುಬೈ:

ಅಕ್ಕಾ, ನಾನು ಮಂಗಳೂರು ಕಡೆಯ ಕೆಥೊಲಿಕ್, ಕನ್ನಡ ಸ್ವಲ್ಪ ಆಚೀಚೆ ಆದರೆ ಬೇಜಾರು ಮಾಡಬೇಡಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ತೆನೆಹಬ್ಬ, ಪಾದ್ರಿಗಳು ಆಶೀರ್ವಾದ ಮಾಡಿದ ಹೊಸ ತೆನೆಯನ್ನು ಅಮ್ಮ ಪ್ರತಿ ವರ್ಷ ಒಂದು ಕವರಿನಲ್ಲಿ ಹಾಕಿ ನನಗೆ ಕಳಿಸ್ತಾರೆ. ನಮ್ಮ ಗದ್ದೆ ಹೋಗಿ ಎಷ್ಟೋ ವರ್ಷ ಆಯ್ತು, ಆದರೂ ತೆನೆ ತಪ್ಪಿಲ್ಲ. ಹೋದ ಸಲ ಏಳೇ ಕಾಳು ಇತ್ತು. ಸುಲಿದು ಹಾಲಿಗೆ ಹಾಕಿ ರೂಮಿನ ಮೂವರು ಕುಡಿದೆವು. ಅದರಲ್ಲಿ ಒಬ್ಬಳು ಕ್ರೈಸ್ತಳೂ ಅಲ್ಲ.

ನೈಟ್ ಡ್ಯೂಟಿ ಮುಗಿಸಿ ಬಂದಾಗ ಜಪಮಾಲೆ ಹಿಡಿದರೆ ಹತ್ತು ಮಣಿಯ ಎರಡನೇ ಸುತ್ತಿನೊಳಗೆ ನಿದ್ದೆ. ಉಳಿದದ್ದನ್ನು ಕಾವಲು ದೂತ ಮುಗಿಸ್ತಾನೆ ಅಂತ ಅಜ್ಜಿ ಹೇಳ್ತಿದ್ದರು. ನಾನು ಅದನ್ನೇ ನಂಬಿ ಮಲಗ್ತೇನೆ.

ಬೆಟಗೇರಿಯಾಕಿ:

ಎಲ್ಲಾರಿಗೂ ಶರಣ್ರಿ. ಮೇಷ್ಟ್ರ, 88 ಓದಿದೆ. ಇಂಥಾದ್ದು ಬೈಬಲಿನ್ಯಾಗ ಐತಿ ಅಂತ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ನಿನ್ನೆ ರಾತ್ರಿ ಪ್ರಾರ್ಥನಾದಾಗ ಇಎಂಐ ಅಂತ ಬಾಯಿಬಿಟ್ಟ ಅಂದೆ. ಎಷ್ಟು ರೂಪಾಯಿ ಕಮ್ಮಿ ಬಿದ್ದೈತಿ ಅನ್ನೋದನ್ನೂ ಹೇಳಿದೆ. ಮಗಳು ಕಣ್ಣು ತೆರದು ಅಪ್ಪನ ಮುಖ ನೋಡಿದ್ಲು. ಅವರು ಆಮೆನ್ ಅಂದ್ರು, ಸ್ವಲ್ಪ ಜೋರಾಗೇ. ಸಂತೋಷ ಅಂತ ನಾ ಹೇಳಂಗಿಲ್ಲ. ಆದ್ರ ಕುಕ್ಕರ್ ಅವರ ತೊಳದ್ರು.

ತೋಟದಣ್ಣಾರ, ಆ ಕಾಯಿ ಏನ್ ಮಾಡಿದ್ರಿ?

ಸುಳ್ಯದ ತೋಟದವ:

ಅರ್ಧ ಸಾಂಬಾರು, ಅರ್ಧ ಆ ಹುಡುಗನ ಮನೆಗೆ. ಬೀಜ ಒಣಗಿಸಿ ಇಟ್ಟಿದ್ದೆವು, ಈಗಲೂ ಅದರದ್ದೇ ಬಳ್ಳಿ ಉಂಟು. ಬೇಕಾದರೆ ಕಳಿಸ್ತೇನೆ, ಆದರೆ ಬೆಂಗಳೂರಿನ ಕುಂಡದಲ್ಲಿ ಹಾಕಬೇಡಿ, ಅದಕ್ಕೆ ಹರಡ್ಲಿಕ್ಕೆ ಸುಮಾರು ಜಾಗ ಬೇಕು.