ಧ್ರುವ ಅಲೆಯಿತೋ, ನೆಲ ಅಲೆಯಿತೋ? ಫಲಕಕ್ಕೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕಾಗಿದೆ. ಮಕ್ಕಳು ನೋಡುವ ವಿಜ್ಞಾನ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಚಿತ್ರದಲ್ಲಿ ಎರಡು ಗೆರೆಗಳಿವೆ. ಒಂದು ಯುರೋಪಿನ ಕಲ್ಲುಗಳು ಹೇಳುವ ಉತ್ತರ ಧ್ರುವದ ದಾರಿ, ಇನ್ನೊಂದು ಉತ್ತರ ಅಮೆರಿಕದ ಕಲ್ಲುಗಳು ಹೇಳುವ ದಾರಿ. ಇಂಗ್ಲಿಷಿನಲ್ಲಿ ಇದು 'ಅಪರೆಂಟ್ ಪೋಲಾರ್ ವಾಂಡರ್'. ನನ್ನ ಕೈಗೆ ಬಂದ ಕರಡಿನಲ್ಲಿ 'ಆಭಾಸ ಧ್ರುವ ಭ್ರಮಣ' ಅಂತ ಇದೆ. ಓದಿದವರಿಗೆ ಏನೂ ಹೊಳೆಯಲಿಕ್ಕಿಲ್ಲ ಅಂತ ಅಳುಕು. 'ತೋರಿಕೆಯ ಧ್ರುವ ಅಲೆತ' ಅಂದರೆ ಸರಿಯಾ? ತಲೆಬರಹದಲ್ಲಿ ಮೂರು ಪದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ.

———

'ಆಭಾಸ' ಸರಿಯಾಗಿಯೇ ಇದೆ. ಭಾಸ್ ಧಾತು, ಹೊಳೆಯುವುದು, ಹಾಗೆ ಕಾಣುವುದು. ಸಂಸ್ಕೃತದ ಅರ್ಥ ಗೊತ್ತಿದ್ದವರಿಗೆ ಅನುಮಾನವೇ ಬರದು. ಪ್ರತಿ ಫಲಕಕ್ಕೂ ಹೊಸದಾಗಿ ಪದ ಹೊಸೆಯುವ ಚಟ ಬಿಡಬೇಕು. 'ಧ್ರುವ ಅಲೆತ' ಅರಿಸಮಾಸ. ಅಲ್ಲಿಗೆ ಮುಗಿಯಿತು.

———

> ಸಂಸ್ಕೃತದ ಅರ್ಥ ಗೊತ್ತಿದ್ದವರಿಗೆ

ಗೊತ್ತಿಲ್ಲದವರಿಗೆ ಅಲ್ವಾ ಫಲಕ ಇರೋದು? ಕನ್ನಡದಲ್ಲಿ ಆಭಾಸ ಅಂದರೆ ಮುಜುಗರ. 'ತುಂಬಿದ ಸಭೆಯಲ್ಲಿ ಆಭಾಸವಾಯಿತು' ಅಂತೀವಿ. ಭ್ರಮಣವನ್ನೂ ಕೈಬಿಡಿ. ಭೂಮಿ ತನ್ನ ಸುತ್ತ ತಾನು ತಿರುಗುವುದಕ್ಕೆ ಪಾಠಗಳಲ್ಲಿ 'ಅಕ್ಷಭ್ರಮಣ' ಇದೆ, ಮಗುವಿಗೆ ಅದೇ ನೆನಪಾಗುತ್ತದೆ. ಅರಿಸಮಾಸದ ಚಿಂತೆ ಇದ್ದರೆ 'ಧ್ರುವದ ಅಲೆತ' ಅನ್ನಿ, ಆಯಿತು.

ನನ್ನ ತಕರಾರು ಬೇರೆ. ಧ್ರುವ ಅಂದರೇ ಕದಲದ್ದು. ಧ್ರುವನಕ್ಷತ್ರಕ್ಕೆ ಆ ಹೆಸರು ಬಂದಿದ್ದೇ ಅದಕ್ಕೆ. ಕದಲದ್ದು ಅಲೆಯಿತು ಅಂತ ತಲೆಬರಹ ಹಾಕುವ ಮುಂಚೆ, ನಿಮ್ಮ ಚಿತ್ರದಲ್ಲಿ ಅಲೆದದ್ದು ಯಾವುದು ಅಂತ ನೋಡಬೇಕು.

ಲಾವಾ ಆರುತ್ತಾ ಬರುತ್ತದೆ. ಅದರೊಳಗಿನ ಮ್ಯಾಗ್ನೆಟೈಟ್ (ಕಾಂತಗುಣದ ಕಬ್ಬಿಣದ ಖನಿಜ) ಕಣಗಳು ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಮೇಲೆ ಆ ಹೊತ್ತಿನ ಭೂಮಿಯ ಕಾಂತಕ್ಷೇತ್ರವನ್ನು ಹಿಡಿದಿಟ್ಟುಕೊಳ್ಳುತ್ತವೆ. ದಿಕ್ಕು ಮಾತ್ರ ಅಲ್ಲ, ಬಾಗು ಕೂಡ. ಸಮಭಾಜಕದಲ್ಲಿ ಆರಿದ ಕಲ್ಲಿನಲ್ಲಿ ಅದು ಮಟ್ಟಸ. 45 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 63 ಡಿಗ್ರಿ ಬಾಗಿರುತ್ತದೆ. ಧ್ರುವದಲ್ಲಿ ನೆಟ್ಟಗೆ ಕೆಳಕ್ಕೆ. ದಿಕ್ಕು ನೋಡಿದರೆ ಧ್ರುವ ಯಾವ ಕಡೆ ಅಂತ ಗೊತ್ತಾಗುತ್ತದೆ, ಬಾಗು ನೋಡಿದರೆ ಎಷ್ಟು ದೂರ ಅಂತ. (ಕಾಂತಧ್ರುವ ವರ್ಷವರ್ಷವೂ ಜಾಗ ಬದಲಿಸುತ್ತದೆ, ನಿಜ. ಸಾವಿರಾರು ವರ್ಷಗಳ ಸರಾಸರಿ ತೆಗೆದರೆ ಭೂಮಿ ತಿರುಗುವ ಅಕ್ಷದ ಹತ್ತಿರಕ್ಕೇ ಬರುತ್ತದೆ.) ಒಂದೇ ಖಂಡದ ಬೇರೆ ಬೇರೆ ವಯಸ್ಸಿನ ಕಲ್ಲುಗಳು ಧ್ರುವವನ್ನು ಬೇರೆ ಬೇರೆ ಕಡೆ ತೋರಿಸುತ್ತವೆ. ಆ ಚುಕ್ಕೆಗಳನ್ನು ಸೇರಿಸಿದರೆ ನಿಮ್ಮ ಗೆರೆ.

1950ರ ದಶಕದಲ್ಲಿ ಬ್ರಿಟನ್ನಿನ ಕಲ್ಲುಗಳಿಂದ ಇಂಥ ಗೆರೆ ಎಳೆದಾಗ, ಧ್ರುವವೇ ನಡೆದಿದೆ ಅಂತ ಭೂಭೌತ ವಿಜ್ಞಾನಿ ಕೀತ್ ರನ್‌ಕಾರ್ನ್ ಅಂದುಕೊಂಡಿದ್ದರು. ಆಮೇಲೆ ಉತ್ತರ ಅಮೆರಿಕದ ಅಳತೆಗಳು ಬಂದವು. ಗೆರೆಯ ಆಕಾರ ಹೆಚ್ಚುಕಡಿಮೆ ಅದೇ, ಆದರೆ ಸುಮಾರು 30 ಡಿಗ್ರಿ ರೇಖಾಂಶದಷ್ಟು ಪಕ್ಕಕ್ಕೆ. ಉತ್ತರ ಧ್ರುವ ಇರುವುದು ಒಂದೇ. ಅದು ಒಂದೇ ಕಾಲದಲ್ಲಿ ಎರಡು ದಾರಿ ಹಿಡಿಯಲಾರದು. ಅಟ್ಲಾಂಟಿಕ್ ಸಾಗರವನ್ನು ಮುಚ್ಚಿ ಖಂಡಗಳನ್ನು ಪಕ್ಕಪಕ್ಕ ತಂದರೆ ಎರಡೂ ಗೆರೆ ಒಂದರ ಮೇಲೊಂದು ಕೂರುತ್ತವೆ. ಸರಿದದ್ದು ನೆಲ! 1956ರ ಹೊತ್ತಿಗೆ ರನ್‌ಕಾರ್ನ್ ಅವರೂ ಖಂಡಗಳು ಚಲಿಸಿವೆ ಅಂತ ಒಪ್ಪಿದರು. ಜರ್ಮನಿಯ ವಿಜ್ಞಾನಿ ವೆಗನರ್ 1912ರಲ್ಲೇ ಹೇಳಿದ್ದ ಮಾತು ಅದು.

ಹಾಗಾಗಿ 'ತೋರಿಕೆ' ನನಗೆ ಒಪ್ಪಿಗೆಯಿಲ್ಲ. 'ತೋರಿಕೆಯ ವಿನಯ' ಅಂದಾಗ ಅದರಲ್ಲಿ ನಾಟಕ ಇದೆ. ಯಾರಾದರೂ 'ಹುಸಿ ಅಲೆತ' ಅನ್ನುವ ಮುಂಚೆಯೇ ಹೇಳುತ್ತೇನೆ, ಅದು ಇನ್ನೂ ಕೆಟ್ಟದ್ದು. ಕಲ್ಲು ಸುಳ್ಳು ಹೇಳಿಲ್ಲ. ತಾನು ಇದ್ದಲ್ಲಿಂದ ಧ್ರುವ ಎಲ್ಲಿತ್ತೋ ಅಷ್ಟನ್ನೇ ಹೇಳಿದೆ. ಇದಕ್ಕೆ ನಮ್ಮ 'ಕಾಣು' ಹೇಳಿ ಮಾಡಿಸಿದ ಹಾಗಿದೆ. ಯಾರಿಗೆ ಕಂಡಿತು ಅನ್ನೋದನ್ನು ಅದು ಕೇಳಿಯೇ ಕೇಳುತ್ತದೆ. ನನಗೆ ಕಂಡಿತು, ನಿನಗೆ ಕಂಡಿತು. 'ನೆಲಕ್ಕೆ ಕಂಡ ಧ್ರುವ'. ಮೂರೇ ಪದ.

———

ಅದು ಕವನದ ಸಾಲು, ಪಾರಿಭಾಷಿಕ ಪದವಲ್ಲ. ಧ್ರುವ ಕದಲುವುದೇ ಇಲ್ಲ ಅಂತಲೂ ಬರೆಯಬೇಡಿ. ಭೂಮಿಯ ಹೊರಪದರ ಮತ್ತು ಅದರ ಕೆಳಗಿನ ಮ್ಯಾಂಟಲ್ ಪದರ ಎರಡೂ ಒಟ್ಟಿಗೆ ಅಕ್ಷಕ್ಕೆ ಹೋಲಿಸಿದರೆ ಹೊರಳುವುದುಂಟು. 'ಟ್ರೂ ಪೋಲಾರ್ ವಾಂಡರ್' ಅಂದರೆ ಅದೇ. ಅದಕ್ಕೊಂದು ಜೋಡಿ ಪದ ಬೇಡವೇ? 'ಆಭಾಸ' ಇದ್ದರೆ ಪಕ್ಕದಲ್ಲಿ 'ವಾಸ್ತವ' ನಿಲ್ಲುತ್ತದೆ. ಮತ್ತೆ, ಧ್ರುವ, ಖಂಡ, ಕಾಂತ ಎಲ್ಲವನ್ನೂ ಸಂಸ್ಕೃತದಿಂದ ತಂದಿರಿ. ಮ್ಯಾಗ್ನೆಟೈಟ್ ಇಂಗ್ಲಿಷಿನಿಂದ ಬಂತು. ಆಭಾಸಕ್ಕೆ ಮಾತ್ರ ಬಾಗಿಲು ಹಾಕುವುದು ಯಾವ ನ್ಯಾಯ?

———

ಜೋಡಿ ಪದದ ಮಾತು ಒಪ್ಪಿದೆ. 'ಕಾಣುವ ಅಲೆತ', 'ನಿಜ ಅಲೆತ' ಅಂದರೆ ಜೋಡಿ ಆಗುತ್ತದೆ. ಎರವಲು ಬೇಡ ಅಂತ ನಾನೆಲ್ಲೂ ಹೇಳಿಲ್ಲ. ಎರವಲು ಬಂದ ಪದ ನಮ್ಮಲ್ಲಿ ಬೇರೆ ಅರ್ಥ ಹಿಡಿದು ಕೂತಮೇಲೆ ಅದನ್ನು ತವರಿನ ಅರ್ಥಕ್ಕೆ ಎಳೆಯಬೇಡಿ ಅಂತ ಹೇಳಿದ್ದು.

———

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮ್ಯಾಗ್ನೆಟೈಟ್‌ಗೆ ಸೂಜಿಗಲ್ಲು ಅನ್ನಬಾರದೇ? ಸೂಜಿಯನ್ನು ಎಳೆಯುವ ಕಲ್ಲು ಅದೇ ತಾನೇ?

———

ಬೇಡ. ಸೂಜಿಗಲ್ಲು ಅಂದರೆ ಕೈಯಲ್ಲಿ ಹಿಡಿಯುವ ಕಲ್ಲು ಕಣ್ಣಿಗೆ ಬರುತ್ತದೆ. ಇಲ್ಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಕಣ.

———

ಎಲ್ಲರಿಗೂ ತುಂಬಾ ಧನ್ಯವಾದ. ತಲೆಬರಹ 'ನೆಲಕ್ಕೆ ಕಂಡ ಧ್ರುವ' ಅಂತಲೇ ಕಳಿಸಿದೆ. ಗೆರೆಗಳ ಪಕ್ಕದ ಸಣ್ಣ ಅಕ್ಷರದಲ್ಲಿ 'ಧ್ರುವದ ಕಾಣುವ ಅಲೆತ' ಇದೆ. ಕರಡಿನಲ್ಲಿ 'ಖಂಡಾಂತರ ಚಲನೆ' ಅಂತ ಒಂದು ಕಡೆ ಇತ್ತು. ಅದನ್ನು ಓದಿದರೆ ಒಂದು ಖಂಡದಿಂದ ಇನ್ನೊಂದಕ್ಕೆ ಹೋಗುವುದು ಅಂತಾಗುತ್ತದೆ ಅಲ್ವಾ? 'ಖಂಡಗಳ ಚಲನೆ' ಮಾಡಿದ್ದೇನೆ. ಮ್ಯಾಗ್ನೆಟೈಟ್ ಹಾಗೆಯೇ ಇದೆ.