ಸಹಾಯ ಬೇಕು: ಹೊಟ್ಟೆ ಕ್ಯಾನ್ಸರ್‌ಗೆ ಕೀಮೋ ಜೊತೆ ರೇಡಿಯೇಶನ್

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್, ಬೇರೆ ಕಡೆ ಹರಡಿಲ್ಲ. ಆಪರೇಷನ್‌ಗೆ ಮೊದಲು ಕೀಮೋ ಜೊತೆ ರೇಡಿಯೇಶನ್ನೂ ಕೊಡುವ ಒಂದು ಕ್ಲಿನಿಕಲ್ ಟ್ರಯಲ್‌ಗೆ ಸೇರುತ್ತೀರಾ ಅಂತ ಡಾಕ್ಟರ್ ಕೇಳಿದ್ದಾರೆ. ಒಪ್ಪಿಗೆ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ.

2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಆಪರೇಷನ್ ನಂತರ ಎರಡನ್ನೂ ಪಡೆದವರು ಹೆಚ್ಚು ಕಾಲ ಬದುಕಿದ್ದರು. ಆದರೆ ಅವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಹರಡಬಹುದಾದ ಸುತ್ತಲಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ಸರಿಯಾಗಿ ತೆಗೆದಿರಲಿಲ್ಲ, ಹಾಗಾಗಿ ಅವನ್ನು ಪೂರ್ತಿ ತೆಗೆದವರಿಗೂ ಅಷ್ಟೇ ಲಾಭ ಆಗುತ್ತಾ ಅಂತ ಅದರಿಂದ ಹೇಳಲಾಗದು. 2024ರ ಟಾಪ್‌ಗಿಯರ್ ಅಧ್ಯಯನದಲ್ಲಿ ಮೊದಲೇ ರೇಡಿಯೇಶನ್ ಸೇರಿಸಿದಾಗ ಹೆಚ್ಚು ಜನರಲ್ಲಿ ಗಡ್ಡೆ ಪೂರ್ತಿ ಕರಗಿತು, ಆಯಸ್ಸು ಮಾತ್ರ ಹೆಚ್ಚಲಿಲ್ಲ. ಇದೇ ನನ್ನನ್ನು ಕಾಡುತ್ತಿದೆ.

ಇಂಥ ಚಿಕಿತ್ಸೆ ಮುಗಿಸಿದವರು, ಮನೆಯವರು ದಯವಿಟ್ಟು ಹೇಳಿ: ಊಟ ಸೇರುತ್ತಿತ್ತಾ? ತೂಕ ಎಷ್ಟು ಇಳಿಯಿತು? ಆಪರೇಷನ್ ಮುಂದೂಡಬೇಕಾಯಿತಾ? ಡಾಕ್ಟರನ್ನು ಇನ್ನೇನು ಕೇಳಬೇಕು? ಅಪ್ಪ ಈಗಲೇ ತುಂಬಾ ಸೊರಗಿದ್ದಾರೆ.